ಗಾಳಿ ಹಿಡಿಯುವ ಯಂತ್ರ

ತಪ್ಪು ಯಾರದು ಎಂದು ಆಮೇಲೆ ಎಷ್ಟೋ ಜನ ವಾದ ಮಾಡಿದರು. ನರೇಗಲ್ಲಿನ ಸಂತೆಯಲ್ಲಿ ಮುತ್ತಪ್ಪ ಬೇವಿನ ಮರಕ್ಕೆ ಕಟ್ಟಿದ ತಗಡಿನ ಮೇಲೆ ‘ಗಾಳಿಯ ದನಿ ಹಿಡಿಯುವ ಯಂತ್ರ, ರೇಡಿಯೋ ಮಾರಾಟ ಮತ್ತು ರಿಪೇರಿ, ನರಗುಂದ’ ಎಂದೇ ಬರೆದಿತ್ತು. ಆದರೆ ಕಟ್ಟಿದ ಹಗ್ಗ ನೆಟ್ಟಗೆ ‘ದನಿ’ಯ ಮೇಲೆ ಹಾದುಹೋಗಿತ್ತು. ಅಕ್ಷರ ಬಲ್ಲವನೊಬ್ಬ ಕಂಡಷ್ಟನ್ನು ಗಟ್ಟಿಯಾಗಿ ಓದಿದ, ಹೊತ್ತು ನೆತ್ತಿಗೇರುವಷ್ಟರಲ್ಲಿ ಸಂತೆ ತುಂಬ ಸುದ್ದಿಯಾಯಿತು.

ಆ ಸೀಮೆಯಲ್ಲಿ ಗಾಳಿ ಎಂದರೆ ಬೀಸುವ ಗಾಳಿಯಷ್ಟೇ ಅಲ್ಲ. ಅಕಾಲದಲ್ಲಿ ಸತ್ತವರು ಹಿಂದೆ ಬಿಟ್ಟುಹೋಗುವುದೂ ಗಾಳಿಯೇ. ಅದು ಬೀಸುವುದಿಲ್ಲ, ಬಡಿಯುತ್ತದೆ.

“ಇದು ಗಾಳಿ ಹಿಡೀತೈತೇನ್ರಿ?”

ಮುತ್ತಪ್ಪ ರೇಡಿಯೋ ಸೆಟ್ಟಿನ ಹಿಂಬದಿ ಬಿಚ್ಚಿಕೊಂಡು ಕೂತಿದ್ದವನು ತಲೆ ಎತ್ತಿದ. ಕಂಕುಳಲ್ಲಿ ಸೀರೆಗಳ ಗಂಟು ಇಟ್ಟುಕೊಂಡು ಒಬ್ಬಳು ನಿಂತಿದ್ದಳು. ಹಣೆ ಬರಿದಾಗಿತ್ತು. ಕಣ್ಣು ಮಾತ್ರ ಬರಿದಾಗಿರಲಿಲ್ಲ. ಆ ಕಣ್ಣು ಯಂತ್ರವನ್ನು ಒಮ್ಮೆ, ಯಂತ್ರದವನನ್ನು ಒಮ್ಮೆ ಅಳೆದು, ಎರಡರ ಮೇಲೂ ಅಷ್ಟೇನೂ ಭರವಸೆ ಇಲ್ಲವೆಂಬಂತೆ ಅರೆ ಮುಚ್ಚಿತು.

“ಹಿಡೀತೈತ್ರಿ,” ಎಂದ ಮುತ್ತಪ್ಪ. ವ್ಯಾಪಾರದ ಹುರುಪು. “ಯಾವ ಗಾಳಿ ಬೇಕ್ರಿ? ಧಾರವಾಡದ್ದೋ, ಮುಂಬೈದ್ದೋ? ಸಂಜಿತನಕ ನಿಂತ್ರ ಸಿಲೋನ್ ಗಾಳೀನೂ ಹಿಡದ ಕೊಡತೀನಿ.”

“ಗಜೇಂದ್ರಗಡದ್ದು?”

“ಗಜೇಂದ್ರಗಡದಾಗ ಸ್ಟೇಷನ್ನ ಇಲ್ಲಲ್ರಿ!”

“ಸ್ಟೇಷನ್ ಇಲ್ರಿ. ಗಾಳಿ ಐತಿ.”

ಅವಳು ನಗಲಿಲ್ಲ. ಅಷ್ಟರಲ್ಲಿ ಅವಳ ಹಿಂದಿನಿಂದ ಮುದುಕಿಯೊಬ್ಬಳು ಮುಂದೆ ಬಂದು ಮುತ್ತಪ್ಪನ ಮುಂಗೈ ಹಿಡಿದಳು. ಹಿಡಿತ ಮುದುಕಿಯದಲ್ಲ, ಮಗ್ಗ ಬಡಿದ ಕೈಯದು. “ತಮ್ಮಾ, ನನ್ನ ಮಗ ಎಲ್ಲೂ ಹೋಗಿಲ್ಲೋ. ಮಗ್ಗದ ಕುಣ್ಯಾಗ ಅದಾನ. ಅವನ ದನಿ ಒಂದ್ಸಲ ಹಿಡದ ಕೊಡು.”

ಮುತ್ತಪ್ಪ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಅಯ್ಯೋ ಯವ್ವಾ, ಇದು ಆ ಗಾಳಿ ಅಲ್ಲ ಎನ್ನಬೇಕಿತ್ತು. ಎನ್ನುವುದಕ್ಕೆ ಬಾಯಿಯನ್ನೂ ತೆರೆದ.

“ಹಿಡೀತೈತಿ ಅಂದ್ರಲ್ಲ,” ಎಂದಳು ಆ ಹೆಣ್ಣು, ಮುದುಕಿಯ ಸೊಸೆ, ಮೆಲ್ಲಗೆ. “ಈಗ್ಯಾಕ ಬಾಯಿಗೆ ಬೀಗ ಬಿತ್ತು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುತ್ತಪ್ಪ ಬರುತ್ತೇನೆಂದುಬಿಟ್ಟ. ಮುದುಕಿಯ ಮೇಲಿನ ಕನಿಕರಕ್ಕೆ ಎಂದು ತನಗೆ ತಾನೇ ಹೇಳಿಕೊಂಡ. ಕನಿಕರದವನು ಅಷ್ಟು ಸಲ ಸೊಸೆಯ ಕಡೆ ನೋಡಬೇಕಾಗಿರಲಿಲ್ಲ.

ಈ ಭಾಗವೆಲ್ಲ ಹೊಸದಾಗಿ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು ಇದು. ಗಜೇಂದ್ರಗಡದ ಗುಡ್ಡದ ಬುಡದಲ್ಲಿದ್ದ ನೇಕಾರರ ಓಣಿಯಲ್ಲಿ ಹಗಲೆಲ್ಲ ಮಗ್ಗದ ಸಪ್ಪಳ. ಮನೆ ಮನೆಯ ಸಪ್ಪಳ ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ಓಣಿಯುದ್ದ ಬರುತ್ತಿತ್ತು. ಆ ಮುದುಕಿ ಸಾವಕ್ಕನ ಮನೆಯ ಎದುರು ಬಂದಾಗ ಮಾತ್ರ ಅದು ಕಡಿದುಹೋಗುತ್ತಿತ್ತು. ಆ ಬಾಗಿಲ ಮುಂದೆ ಜನ ದನಿ ತಗ್ಗಿಸಿ ನಡೆಯುತ್ತಿದ್ದರು.

ಸಾವಕ್ಕನ ಮಗ ಸಂಗಪ್ಪ ಕುಣಿಮಗ್ಗದ ನೇಕಾರ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು ನೇಯುವ ಮಗ್ಗ ಅದು. ಹೋದ ಮಳೆಗಾಲದ ಒಂದು ಮೋಡದ ಸಂಜೆ, ಕಾಲಡಿಯ ಹಲಗೆಯ ಹುರಿ ಹರಿಯಿತೆಂದು ಕಟ್ಟಲು ಕುಣಿಗಿಳಿದು ಬಗ್ಗಿದ. ಮತ್ತೆ ಏಳಲಿಲ್ಲ. ನೋಡಿದರೆ ಗೋಡೆಗೆ ಒರಗಿ ನಿದ್ದೆ ಹೋದಂತೆ ಕೂತಿದ್ದ. ಮೈಮೇಲೆ ಗಾಯವಿಲ್ಲ, ಹಾವು ಕಚ್ಚಿದ ಗುರುತಿಲ್ಲ. ಗಾಳಿ ಬಡಿದು ಹೋದ ಎಂದರು. ಆಮೇಲೆ ಅವನೇ ಗಾಳಿಯಾಗಿ ಅಲ್ಲೇ ಕೂತಿದ್ದಾನೆ ಎಂದರು. ಕುಣಿ ಗುಡಿಸಲು ಇಳಿದ ಸೊಸೆ ಕಳಕವ್ವ ಕಣ್ಣು ಕತ್ತಲೆ ಬಂದು ಬಿದ್ದದ್ದೇ ತಡ, ಮಾತು ಗಟ್ಟಿಯಾಯಿತು. ಸಾವಕ್ಕ ಮಗ್ಗದ ಕೋಣೆಗೆ ಕೀಲಿ ಹಾಕಿದಳು. ಮನೆಯ ಬೆಕ್ಕು ಕಿಟಕಿಯಿಂದ ಹಾರಿ ಕುಣಿಗಿಳಿದು ಅಲ್ಲೇ ಸತ್ತುಬಿದ್ದ ಮೇಲಂತೂ ಓಣಿಯವರ್ಯಾರೂ ಆ ಕಡೆ ಹಾಯಲಿಲ್ಲ.

ಸಾವಕ್ಕನ ಮೈದುನ ಹನಮಂತಪ್ಪ ಓಣಿಗೆಲ್ಲ ಹಿರಿಯ. ಮಾತು ಕೊಟ್ಟಂತೆ ಬಂದ ಮುತ್ತಪ್ಪನಿಗೆ ನೀರು ಬೆಲ್ಲ ಕೊಡಿಸಿ, ಎದುರಿಗೆ ಕೂತು, ಸುತ್ತು ಬಳಸದೆ ಹೇಳಿದ.

“ನೋಡು ತಮ್ಮಾ, ನೀನೂ ನೇಕಾರರ ಮನಿ ಹುಡುಗನs. ನಿಮ್ಮ ಅಪ್ಪ ಮಗ್ಗ ಬಿಟ್ಟು ನರಗುಂದದಾಗ ಕಾಳಿನ ಅಡತಿ ಅಂಗಡ್ಯಾಗ ತೂಕಕ್ಕ ನಿಂತಾ ಅನ್ನೂದೂ ನನಗ ಗೊತ್ತು. ಅದಕ್ಕ ಬಿಚ್ಚಿ ಹೇಳತೀನಿ. ಕಳಕವ್ವಗ ಇನ್ನೂ ಸಣ್ಣ ವಯಸ್ಸು. ನಮ್ಮೊಳಗ ಉಡಿಕಿ ಐತಿ, ಸೀರಿ ಉಡಿಸಿ ಇನ್ನೊಬ್ಬಗ ಕೊಡಬಹುದು. ಆದ್ರ ಗಂಡನ ಗಾಳಿ ಮನ್ಯಾಗ ಇದ್ರ ಉಡಿಕಿ ಇಲ್ಲ. ಉಡಿಸಿಕೊಂಡ ಹೋದಾಂವನ್ನ ಅದು ಮೊದಲ ತಿಂತೈತಿ.”

“ಗಾಳಿ ಐತಿ ಅಂತಾದ್ರ?”

“ಹೊಳಿ ಆಚಿಗೆ ಒಬ್ಬ ಗಾಳಿ ಬಿಡಸಾಂವ ಅದಾನ. ಗಂಡನ ಗಾಳಿ ಹೇಂತಿ ಬೆನ್ನ ಬಿಡೂದಿಲ್ಲ ಅಂತ ಹೇಂತೀನ್ನs ಬಾರಕೋಲಿಂದ ಹೊಡದ ಬಿಡಸ್ತಾನ. ಆಕೀನ್ನ ಕಳಸಬೇಕಾಕ್ಕೈತಿ.” ಹನಮಂತಪ್ಪ ನೆಲ ನೋಡಿದ. “ಹ್ವಾದ ವರ್ಷ ನಮ್ಮ ಓಣ್ಯಾಕಿ ಒಬ್ಬಾಕಿ ಹೋಗಿದ್ಲು. ತಿರಗಿ ಬರ್ಲಿಲ್ಲ.”

ಬಾಗಿಲ ಸಂದಿಯಲ್ಲಿ ನಿಂತಿದ್ದ ಕಳಕವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಇನ್ನೊಬ್ಬರ ಮನೆಯ ಕಥೆ ಕೇಳುವವಳ ಹಾಗೆ ನಿಂತಿದ್ದಳು. 

ಮುತ್ತಪ್ಪ ಹಿಂದೆ ಪಲ್ಟಣಿನಲ್ಲಿ ಸಿಗ್ನಲ್ ಕೆಲಸ ಕಲಿತವನು. ಅಲ್ಲಿ ಸಾಹೇಬನೊಬ್ಬ ಸಂಜೆಯಾದರೆ ಹೆಡ್‌ಫೋನ್ ಹಾಕಿಕೊಂಡು, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಬರ್ಮಾದಲ್ಲಿ ಸತ್ತ ಗೆಳೆಯ ಮಾತಾಡುತ್ತಾನೆಂದು ಕಾಯುತ್ತಿದ್ದ. ಹುಡುಗರೆಲ್ಲ ಹೊರಗೆ ನಿಂತು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮುತ್ತಪ್ಪ. ಈಗ ಅವನೇ ಆ ಕೆಲಸ ಶುರುಮಾಡಿದ. ಮಿಲಿಟರಿ ಹರಾಜಿನಲ್ಲಿ ಕೊಂಡ ಹೆಡ್‌ಫೋನು, ಕೈಯಾರೆ ಕಟ್ಟಿದ ವಾಲ್ವಿನ ಆಂಪ್ಲಿಫೈಯರ್, ದನಿ ಎಷ್ಟಿದೆಯೆಂದು ತೋರಿಸುವ ಮುಳ್ಳಿನ ಮೀಟರು, ಬ್ಯಾಟರಿ, ಉದ್ದನೆಯ ವೈರಿನ ತುದಿಗೊಂದು ಮೈಕು. ಪಡಸಾಲೆಯಲ್ಲಿ ಯಂತ್ರ ಇಟ್ಟು, ಕೋಣೆಯ ಕಿಟಕಿಯಿಂದ ಮೈಕನ್ನು ಕುಣಿಯೊಳಕ್ಕೆ ಇಳಿಬಿಟ್ಟ. ನಾಲ್ಕು ದಿನ ಏನೂ ಇಲ್ಲದ್ದನ್ನು ಕೇಳಿ, ಇಲ್ಲ ಎಂದು ಹೇಳಿ, ಮುದುಕಿಗೆ ಸಮಾಧಾನ ಮಾಡಿ ಊರಿಗೆ ಹೋಗುವುದು ಅವನ ಲೆಕ್ಕಾಚಾರವಾಗಿತ್ತು.

ಮೊದಲ ಸಂಜೆಯೇ ಕೇಳಿಸಿತು.

ಉಸಿರು. ಉದ್ದನೆಯ, ಒದ್ದೆಯಾದ ಉಸಿರು. ಬಂದು ನಿಲ್ಲುತ್ತಿತ್ತು. ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಮೀಟರಿನ ಮುಳ್ಳು ಅದರ ಜೊತೆಗೇ ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಮಲಗುತ್ತಿತ್ತು.

ವಾಲ್ವಿನ ದೋಷವಿರಬೇಕೆಂದು ವಾಲ್ವು ಬದಲಿಸಿದ. ಬ್ಯಾಟರಿ ಬದಲಿಸಿದ. ಅದೇ ಮೈಕನ್ನು ಒಯ್ದು ಹನಮಂತಪ್ಪನ ಮನೆಯ ಮಗ್ಗದ ಕುಣಿಗೆ ಇಳಿಸಿ ನೋಡಿದ. ಅಲ್ಲಿ ಜಿರಲೆ ಹರಿದಾಡುವ ಸಪ್ಪಳ ಬಿಟ್ಟರೆ ಏನಿಲ್ಲ. ತಿರುಗಿ ಇಲ್ಲಿಗೆ ತಂದ. ಉಸಿರು ಅವನಿಗಾಗಿಯೇ ಕಾಯುತ್ತಿದ್ದಂತೆ ಮತ್ತೆ ಶುರುವಾಯಿತು. ಬಿಸಿಲು ಚೆನ್ನಾಗಿದ್ದ ದಿನ ಸಣ್ಣದಾಗಿರುತ್ತಿತ್ತು. ಮೋಡ ಕಟ್ಟಿದ ದಿನ ಹತ್ತಿರ ಬಂದು ಕೂತಂತೆ ದೊಡ್ಡದಾಗುತ್ತಿತ್ತು. ಸಂಗಪ್ಪ ಸತ್ತದ್ದೂ ಮೋಡದ ದಿನ ಎಂಬುದು ಮುತ್ತಪ್ಪನಿಗೆ ನೆನಪಾಯಿತು.

ಸಾವಕ್ಕ ದಿನಾ ಸಂಜೆ ಅವನ ಪಕ್ಕದಲ್ಲೇ ಕೂತು, ಕೀಲಿ ಹಾಕಿದ ಬಾಗಿಲ ಕಡೆ ಮುಖ ಮಾಡಿ ಮಗನೊಡನೆ ಮಾತಾಡುತ್ತಿದ್ದಳು. ಓಣಿಯಲ್ಲಿ ಯಾರಿಗೆ ಕೂಸು ಹುಟ್ಟಿತು, ನೂಲಿನ ಧಾರಣೆ ಎಷ್ಟಾಯಿತು, ಎಲ್ಲ. ಆಮೇಲೆ ಮುತ್ತಪ್ಪನ ಕಡೆ ತಿರುಗಿ ಕೇಳುತ್ತಿದ್ದಳು: “ಏನಂದಾ?”

“ಏನೂ ಇಲ್ರಿ ಯವ್ವಾ.”

“ನನಗಷ್ಟ ಕೇಳಸು. ನಾ ತಿಳಕೋತೀನಿ.”

“ಬರೇ ಗೊರ್ ಅಂತೈತ್ರಿ. ನಿಮಗ ತಲಿ ನೋಯತೈತಿ.”

ಅವನು ಹೆಡ್‌ಫೋನನ್ನು ಅವಳ ಕೈಗೆ ಕೊಡಲಿಲ್ಲ. ಕೊಟ್ಟರೆ ಅವಳು ಊರಿಗೆಲ್ಲ ಸಾರುತ್ತಾಳೆ, ಸಾರಿದರೆ ಹೊಳೆಯಾಚೆಯ ಬಾರಕೋಲು. ಹೀಗೆಂದು ಅವನು ಯೋಚಿಸಿದ್ದು ಸುಳ್ಳಲ್ಲ. ಅದರ ಹಿಂದೆ ಇನ್ನೊಂದು ಯೋಚನೆಯೂ ಇತ್ತು, ಅದು ಹಿತ್ತಲಲ್ಲಿ ರಾಟಿ ತಿರುಗಿಸುತ್ತ ಕೂತಿರುತ್ತಿತ್ತು.

“ನಿಮ್ಮ ಗಾಳಿ ಪೆಟಗಿ ನನಗೂ ಒಂದ್ಸಲ ತೋರಸ್ರಿ,” ಎಂದಳು ಕಳಕವ್ವ ಒಂದು ಮುಂಜಾನೆ. ಮುತ್ತಪ್ಪ ಯಂತ್ರವನ್ನು ಹಿತ್ತಲಿಗೆ ತಂದು ಹೆಡ್‌ಫೋನನ್ನು ಅವಳ ಮುಂದೆ ಇಟ್ಟ. ಸೆರಗಿನ ಮೇಲೆಯೇ ಅದನ್ನು ಏರಿಸಿಕೊಂಡಳು. ಒಂದು ಕಿವಿ ಮೇಲಾಯಿತು, ಇನ್ನೊಂದು ಕೆನ್ನೆಗೆ ಬಂತು. ಸರಿಪಡಿಸಲು ಅವನ ಕೈ ಎದ್ದು, ನಡುದಾರಿಯಲ್ಲಿ ನಾಚಿಕೊಂಡು ಹಿಂದಕ್ಕೆ ಬಂತು. ಅವಳು ಅದನ್ನು ನೋಡಿಯೂ ನೋಡದವಳಂತೆ ನೂಲಿನ ಎಳೆಯತ್ತ ಕಣ್ಣು ಇಳಿಸಿದಳು. ರೆಪ್ಪೆಯ ಕೆಳಗೆ ನಗು ಇಣುಕಿತು, ಇಣುಕಿದ್ದು ಗೊತ್ತಾಗಬಾರದೆಂದು ತುಟಿ ಕಚ್ಚಿದಳು.

ಮುತ್ತಪ್ಪ ಮೈಕು ಹಿಡಿದು ಬಾವಿಕಟ್ಟೆಯ ಆಚೆಗೆ ಹೋಗಿ ಪಿಸುಗುಟ್ಟಿದ: “ಕೇಳಸ್ತೈತೇನ್ರಿ?”

ಅವಳು ಬೆಚ್ಚಿ ಹಿಂದೆ ತಿರುಗಿ ನೋಡಿದಳು. ಯಾರೂ ಇಲ್ಲ. ದೂರದಲ್ಲಿ ಬಾವಿಯ ಹತ್ತಿರ ಅವನು ಹಲ್ಲು ಬಿಡುತ್ತ ನಿಂತಿದ್ದ.

“ಅಯ್ಯ ಶಿವನ! ಇಷ್ಟ ಹತ್ರ ಬಂದು ನನ್ನ ಜೋಡಿ ಯಾರೂ ಮಾತಾಡಿಲ್ರಿ,” ಎಂದಳು, ಅವನು ತಿರುಗಿ ಬಂದಾಗ.

“ನಾ ಅಲ್ಲಿ ಬಾವಿ ಹತ್ರ ಇದ್ನೆಲ್ರಿ.”

“ಅದಕ್ಕs ಅಂದೆ.”

ರಾಟಿ ಮತ್ತೆ ತಿರುಗಿತು. ಎಳೆಯ ಮೇಲೆ ಕಣ್ಣಿಟ್ಟೇ ಅವಳು ಹೇಳಿದಳು. “ನಮ್ಮ ಮನಿಯವರು ಚಲೋ ಮನಿಶಾ ಇದ್ರು. ಅವರ ಮ್ಯಾಲ ನನಗೇನೂ ಸಿಟ್ಟಿಲ್ಲ. ಆದ್ರ ಸತ್ತಾಂವರ ಜೋಡಿ ಎಷ್ಟ ದಿನ ಸಂಸಾರ ಮಾಡ್ಲಿ? ಅತ್ತಿ ಇವತ್ತಿಗೂ ಅವರ ಪಾಲಿನ ರೊಟ್ಟಿ ತಗದ ಇಡತಾರ. ಅದನ್ನ ತಿನ್ನಾಕಿ ನಾನು.”

ಮುತ್ತಪ್ಪ ಹೆಡ್‌ಫೋನಿನ ವೈರು ಸುತ್ತುತ್ತ ಕೇಳಿದ. “ಗಾಳಿ ಐತಿ ಅಂತ ಬಂದ್ರ?”

“ಹೊಳಿ ದಾಟತೀನಿ.”

“ಇಲ್ಲ ಅಂತ ಬಂದ್ರ?”

“ಆವಾಗ ನಿಮ್ಮನ್ನ ಒಂದ ಮಾತ ಕೇಳಬೇಕಂತೀನಿ.”

“ಈಗs ಕೇಳ್ರಲ್ಲ.”

ಕಳಕವ್ವ ಒಳಮನೆಯ ಕಡೆ ಕಣ್ಣು ಹಾಯಿಸಿದಳು. ಮುಖದ ಮೇಲಿನ ನಗು ಒಂದೊಂದೇ ಎಳೆ ಕಳಚಿಕೊಂಡಿತು. “ಬ್ಯಾಡ. ಅವರು ಕೇಳಿಸಿಕೊಂಡ್ರ?”

ಅವಳು ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ಅವನಿಗೆ ತಿಳಿಯಲಿಲ್ಲ. ಒಳಗೆ ಕುಣಿಯಲ್ಲಿರುವವನು ಕೇಳಿಸಿಕೊಳ್ಳುತ್ತಾನೆಂದು ಅವನಂತೂ ನಂಬಿಯಾಗಿತ್ತು.

ಮುತ್ತಪ್ಪ ಇಳಿದುಕೊಂಡಿದ್ದದ್ದು ಬಸ್ಸು ನಿಲ್ಲುವ ಕಡೆ ಚಹಾದಂಗಡಿ ಇಟ್ಟಿದ್ದ ಕಾಶೀಂಸಾಬನ ಮನೆಯಲ್ಲಿ. ಹಳೆಯ ಗೆಳೆಯ. ಮುಖ ನೋಡಿಯೇ ಲೆಕ್ಕ ಹಾಕುವವನು.

“ಗಾಳಿ ಸಿಕ್ಕಿತೇನಪಾ?”

“ಇಲ್ಲ.”

“ನಿನಗಂತೂ ಬಡದೈತಿ. ಮೂರ ಕಪ್ ಚಾ ಆರಿಸಿ ಕುಡದಿ.” ಕಾಶೀಂಸಾಬ ನಕ್ಕು, ಆಮೇಲೆ ದನಿ ಇಳಿಸಿದ. “ಖರೇ ಹೇಳು. ಅದರಾಗ ಏನರ ಕೇಳಸೇತಿ?”

ಮುತ್ತಪ್ಪ ಚಹಾದ ಬಟ್ಟಲನ್ನು ಕೆಳಗಿಟ್ಟ.  ಕಾಶೀಂಸಾಬ ಅದಕ್ಕೆ ಇನ್ನಷ್ಟು ಬಿಸಿ ಚಹಾ ಸುರಿದ.

ಯಂತ್ರದ ತೀರ್ಪಿಗೆಂದು ಹನಮಂತಪ್ಪ ಗೊತ್ತುಮಾಡಿದ ದಿನ ನಡುಹಗಲಿಗೇ ಗುಡ್ಡದ ಮೇಲೆ ಕರಿಮೋಡ ಬಂದು ಕೂತಿತು. ಓಣಿಯ ಹಿರಿಯರು ಪಡಸಾಲೆಯಲ್ಲಿ ಸೇರಿದರು. ಮಗ್ಗಗಳೆಲ್ಲ ನಿಂತಿದ್ದವು. ಇಡೀ ಓಣಿಯೇ ಉಸಿರು ಹಿಡಿದಂತಿತ್ತು. ಮುತ್ತಪ್ಪ ಕೊನೆಯ ಸಲ ಹೆಡ್‌ಫೋನ್ ಹಾಕಿಕೊಂಡ. ಉಸಿರು ಎಂದೂ ಇಲ್ಲದಷ್ಟು ದೊಡ್ಡದಾಗಿ, ಕಿವಿಯ ಒಳಗೇ ಬಂದಂತೆ ಬರುತ್ತಿತ್ತು. ಮೀಟರಿನ ಮುಳ್ಳು ಎದ್ದದ್ದು ಇಳಿಯಲೇ ಇಲ್ಲ. ಅವನು ಮೀಟರನ್ನು ಜನರಿಗೆ ಕಾಣದಂತೆ ತನ್ನ ಕಡೆ ತಿರುಗಿಸಿಕೊಂಡ.

“ಹೇಳು ತಮ್ಮಾ,” ಎಂದ ಹನಮಂತಪ್ಪ. “ಗಾಳಿ ಐತೋ ಇಲ್ಲೋ?”

ಕಳಕವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಅವನನ್ನು ನೋಡುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿತ್ತು.

“ಇಲ್ರಿ,” ಎಂದ ಮುತ್ತಪ್ಪ. “ಗಾಳಿ ಇಲ್ಲ.”

ಸಾವಕ್ಕ ಅಳಲಿಲ್ಲ. ಕೂತಲ್ಲೇ ಸಣ್ಣವಳಾದಳು. ಆಮೇಲೆ ಸೊಂಟದಿಂದ ಕೀಲಿಕೈ ತೆಗೆದು ಸೊಸೆಯ ಕಡೆ ಎಸೆದಳು. “ಇಲ್ಲಂದ್ರ ಬಾಗಲ ತಗಿ. ಇಳದು ಕಾಲ ಹಲಗಿಗೆ ಕುಂಕುಮ ಹಚ್ಚಿ, ಹಣಿ ಮುಟ್ಟಿಸಿ ಬಾ. ಮಗ್ಗ ನಡೀಲಿ. ನನ್ನ ಮಗಾನs ಇಲ್ಲಂದ ಮ್ಯಾಲ ಕೀಲಿ ಯಾರಿಗೆ?”

ನಿಂತ ಮಗ್ಗವನ್ನು ತಿರುಗಿ ಹೂಡುವಾಗ ಹಾಗೆ ಮಾಡುವುದು ಅವರ ರೂಢಿ. ಹನಮಂತಪ್ಪ ಮುತ್ತಪ್ಪನಿಗೆ, “ನೀ ಕೇಳಕೋತ ಇರು. ಏನರ ಇದ್ರ ಕೂಗು,” ಎಂದ. ಅವನ ದನಿಯಲ್ಲಿ ಇನ್ನೂ ಅಂಜಿಕೆ ಇತ್ತು. ಮುತ್ತಪ್ಪ ಇಳಿಯಬೇಡ ಎನ್ನಲಾರದೆ ಹೋದ, ಎಂದರೆ ಸುಳ್ಳು ಬಯಲಾಗುತ್ತಿತ್ತು.

ಬಾಗಿಲು ಕಿರ್ ಎಂದಿತು. ಹೆಡ್‌ಫೋನಿನಲ್ಲಿ ಅವಳ ಹೆಜ್ಜೆ ಕೇಳಿಸಿತು. ಆಮೇಲೆ ಸೀರೆ ಸರಿದ ಸಪ್ಪಳ, ಕುಣಿಯ ಅಂಚು ಹಿಡಿದು ಇಳಿದ ಸಪ್ಪಳ, ಬಗ್ಗಿದ ಸಪ್ಪಳ. ಆಮೇಲೆ ಕಿವಿಗೇ ತುಟಿ ಇಟ್ಟಷ್ಟು ಹತ್ತಿರದಿಂದ ಅವಳ ಪಿಸುಮಾತು.

“ರೇಡಿಯೋದವರ… ಕೇಳಸ್ತೈತೇನ್ರಿ?”

ಪಡಸಾಲೆ ತುಂಬ ಜನ. ಒಬ್ಬರಿಗೂ ಕೇಳುತ್ತಿಲ್ಲ. ಮುತ್ತಪ್ಪನ ಕಿವಿ ಕೆಂಪಗಾಯಿತು.

“ಅಲ್ಲೆ ಕುಂತು ಮಾರಿ ಕೆಂಪ ಮಾಡಕೋಬ್ಯಾಡ್ರಿ, ಎಲ್ಲಾರೂ ನೋಡ್ತಾರ. ಒಂದ ಮಾತ ಕೇಳತೀನಿ ಅಂದಿದ್ನೆಲ್ಲ…” ಅವಳು ನಕ್ಕಳು. ನಗು ಯಾಕೋ ಉದ್ದವಾಯಿತು. ನಡುವೆ ತಡವರಿಸಿತು. “ನರಗುಂದದಾಗ… ನಿಮ್ಮ ಮನ್ಯಾಗ ನನಗ… ಜಾಗಾ…”

ಮಾತು ನಿಂತಿತು. ಉಸಿರು ಮಾತ್ರ ಬರುತ್ತಿತ್ತು, ಆ ಹಳೆಯ, ಒದ್ದೆ ಉಸಿರು. ಅದರೊಳಗೆ ಅವಳ ಉಸಿರು ಇರಲಿಲ್ಲ.

“ಕಳಕವ್ವಾ!”

ಮುತ್ತಪ್ಪ ಎದ್ದ ರಭಸಕ್ಕೆ ಯಂತ್ರ ಉರುಳಿಬಿತ್ತು. ಜನರನ್ನು ತಳ್ಳಿಕೊಂಡು ಓಡಿ ಕುಣಿಗೆ ಹಾರಿದ. ಅವಳು ಹಲಗೆಗೆ ಹಣೆ ಹಚ್ಚಿದವಳು ಹಾಗೆಯೇ ಇದ್ದಳು. ಬಗ್ಗಿ ತೋಳಿಗೆ ಕೈ ಹಾಕಿದ. ಮೂಗಿಗೆ ಹುಳಿ ನಾತ ಬಡಿಯಿತು, ಕಣ್ಣ ಮುಂದೆ ಕತ್ತಲೆ ಸುತ್ತಿತು. ಸಂಗಪ್ಪನ ಕೈಯೇ ಕೊರಳಿಗೆ ಬಂತು ಎಂದುಕೊಂಡ. ಬರಲಿ, ಇವಳನ್ನು ಮೇಲೆ ಹಾಕಿದ ಮೇಲೆ ಬರಲಿ. ಉಸಿರು ಬಿಗಿಹಿಡಿದು ಅವಳನ್ನು ಅಂಚಿಗೆ ಎತ್ತಿ ಒಗೆದ. ಹನಮಂತಪ್ಪ ಅವಳನ್ನು ಎಳೆದುಕೊಂಡ, ಇನ್ನಿಬ್ಬರು ಮುತ್ತಪ್ಪನ ಅಂಗಿಯ ಕೊರಳಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿದರು.

ಅಂಗಳದ ಗಾಳಿಗೆ ಮಲಗಿಸಿ ಮುಖಕ್ಕೆ ನೀರು ಹೊಡೆದರು. ಅವಳು ಉಸಿರಾಡಲಿಲ್ಲ. ಮುತ್ತಪ್ಪ ಪಲ್ಟಣಿನಲ್ಲಿ ಕಲಿಸಿದಂತೆ ಅವಳನ್ನು ಬೋರಲು ಹಾಕಿ ಬೆನ್ನು ಒತ್ತಿದ, ಬಿಟ್ಟ, ಒತ್ತಿದ. ಯಾರೋ ಹೆಣ್ಣುಮಕ್ಕಳು ಅಳಲು ಶುರುಮಾಡಿದರು. ಕೊನೆಗೆ ಕಳಕವ್ವ ಒಮ್ಮೆ ಕೆಮ್ಮಿದಳು. ಆ ಕೆಮ್ಮಿಗೆ ಮುತ್ತಪ್ಪ ಹಣೆ ನೆಲಕ್ಕೆ ಹಚ್ಚಿ, ಎಲ್ಲರೆದುರು, ಹುಡುಗನ ಹಾಗೆ ಅತ್ತುಬಿಟ್ಟ.

ಅಷ್ಟರಲ್ಲಿ ಒಳಗಿನಿಂದ ಚೀರಾಟ. ಒಬ್ಬರು ಕಂದೀಲು ಕಟ್ಟಿ ಕುಣಿಗೆ ಇಳಿಸಿದ್ದರು. ಅರ್ಧ ಇಳಿಯುವುದರೊಳಗೆ ದೀಪ ಆರಿತ್ತು.

“ನೋಡ್ರೋ!” ಸಾವಕ್ಕ ಎದ್ದು ನಿಂತಿದ್ದಳು. “ಊದಿ ಆರಿಸಿದಾ! ಅದಾನ ನನ್ನ ಮಗ, ಅದಾನ!”

ಆರಿದ ದೀಪ ಎಂಬ ಮಾತು ಕೇಳಿದ್ದೇ ಮುತ್ತಪ್ಪನಿಗೆ ಅಪ್ಪ ತೂಕಕ್ಕೆ ನಿಲ್ಲುತ್ತಿದ್ದ ಅಡತಿಯ ಅಂಗಳ ಕಣ್ಣಿಗೆ ಬಂತು. ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬಾಯಿ ತೆಗೆದಾಗ ಅಪ್ಪ ಮೊದಲು ದೀಪ ಇಳಿಸುತ್ತಿದ್ದ. ದೀಪ ಆರಿದರೆ ಆಳು ಇಳಿಯಬಾರದು. ಕಾಳು ಕೊಳೆತು ಕೆಟ್ಟ ಹವೆ ಕಟ್ಟಿದೆ ಎಂದು ಅರ್ಥ. ಆ ಹುಳಿ ನಾತ. ಮೋಡದ ದಿನ ಮೇಲೇರಿ ಬರುವ ಆ ಹವೆ. ನರಗುಂದದ ಕೂಸಿಗೂ ಗೊತ್ತಿರುವ ಸಂಗತಿ, ಅದೂ ಅಡತಿಯಲ್ಲಿ ಆಡಿ ಬೆಳೆದವನಿಗೆ ಹೊಳೆಯಲಿಲ್ಲ. ವಾಲ್ವು ಬದಲಿಸಿದ, ಬ್ಯಾಟರಿ ಬದಲಿಸಿದ, ಒಂದು ದೀಪ ಇಳಿಸಲಿಲ್ಲ.

“ಕಾಕಾ, ಈ ಮನಿ ಮೊದಲ ಯಾರದಿತ್ತು?”

ಹನಮಂತಪ್ಪ ಬೆರಗಾಗಿ ನೋಡಿದ. “ನಮ್ಮ ಅಪ್ಪ ಕೊಂಡಿದ್ದು. ಅದಕ್ಕ ಮೊದಲ ಯಾವನೋ ಜೋಳದ ಸಾವಕಾರಂದು.”

ಪಕ್ಕದ ಕೋಣೆಯ ನೆಲ ಅಗೆದರು. ಮೊಳದ ಕೆಳಗೆ ಹಳೆಯ ಹಗೇವಿನ ಬಾಯಿ ಮುಚ್ಚಿದ ಹಾಸುಗಲ್ಲು ಸಿಕ್ಕಿತು. ಅದನ್ನು ಸರಿಸಿ ಎಲ್ಲರೂ ಅಂಗಳಕ್ಕೆ ಓಡಿಬಂದರು. ನಾತ ತಗ್ಗಿದ ಮೇಲೆ ಬಂದು ನೋಡಿದರೆ, ಹೋದ ಮಳೆಗಾಲದ ನೀರು ಇಳಿದು, ಎಂದೋ ಮರೆತುಹೋದ ಜೋಳ ಕರ್ರಗೆ ಕೊಳೆತು ನೊರೆಯುತ್ತಿತ್ತು. ಅಲ್ಲಿಂದ ಮಗ್ಗದ ಕುಣಿಯ ಗೋಡೆಗೆ ಹೆಗ್ಗಣದ ಬಿಲ. ಆ ಬಿಲದಿಂದಲೇ ಕೆಟ್ಟ ಹವೆ ಉಸಿರಾಡುತ್ತಿತ್ತು. ಸಂಗಪ್ಪನನ್ನು ಕೊಂದದ್ದೂ ಗಾಳಿಯೇ. ಎಲ್ಲರೂ ತಿಳಿದ ಗಾಳಿ ಮಾತ್ರ ಆಗಿರಲಿಲ್ಲ.

ಮರುದಿನ ಮೋಡ ಚದುರಿತ್ತು. ಮುತ್ತಪ್ಪ ಸಾವಕ್ಕನ ಕಾಲ ಬಳಿ ಕೂತು, ತಾನು ಮೊದಲ ದಿನದಿಂದಲೇ ಉಸಿರು ಕೇಳಿದ್ದನ್ನೂ ಮುಚ್ಚಿಟ್ಟಿದ್ದನ್ನೂ ಒಪ್ಪಿಕೊಂಡ. ಮುದುಕಿ ಹೆಡ್‌ಫೋನಿಗೆ ಕೈ ಚಾಚಿದಳು. ಅವನು ರಾತ್ರಿ ಸರಿಪಡಿಸಿದ್ದ ಯಂತ್ರ ಹಚ್ಚಿ ಹೆಡ್‌ಫೋನನ್ನು ಅವಳ ತಲೆಗೆ ಹಾಕಿದ. ಕುಣಿಯಲ್ಲಿ ಆ ಉಸಿರು ಇನ್ನೂ ಸಣ್ಣಗೆ ಬರುತ್ತಿತ್ತು. ಅವಳು ಕಣ್ಣು ಮುಚ್ಚಿ ಒಂದೆರಡು ಉಸಿರು ಕೇಳಿದಳು. ತೆಗೆದು ಅವನ ಮಡಿಲಿಗೆ ಹಾಕಿದಳು.

“ಇದು ನನ್ನ ಮಗ ಅಲ್ಲ.”

“ಗೊತ್ತ್ರಿ ಯವ್ವಾ. ಹಗೇವಿನ…”

“ನಿನಗ ಈಗ ಗೊತ್ತಾತು. ನನಗ ಅವತ್ತs ಗೊತ್ತಾಕ್ಕಿತ್ತು. ಹಡದಾಕಿ ನಾನು. ನನ್ನ ಕೂಸು ಹ್ಯಾಂಗ ಉಸರಾಡತಿತ್ತು ಅನ್ನೂದು ನನಗ ತಿಳಿಯೂದಿಲ್ಲೇನು?” ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ದನಿ ಮಾತ್ರ ಗಟ್ಟಿ ಇತ್ತು. “ಒಂದ್ಸಲ ಕೇಳಸು ಅಂತ ದಿನಾ ಬೇಡಕೊಂಡೆ. ಕೇಳಸಿದ್ರ, ನನ್ನ ಮಗ ಅಲ್ಲೋ, ಬ್ಯಾರೆ ಏನೈತಿ ಹುಡುಕ್ರಿ ಅಂತಿದ್ದೆ. ನಿನ್ನೆ ಈ ಹುಡುಗಿ ಸಾಯಾಕ ಇಳೀತಿದ್ದಿಲ್ಲ.”

 ಸಾವಕ್ಕ ಎದ್ದು ಒಳಗೆ ಹೋಗುತ್ತ, ಗೋಡೆಗೊರಗಿ ಕೂತಿದ್ದ ಕಳಕವ್ವನ ತಲೆಯ ಮೇಲೆ ಕೈ ಇಟ್ಟಳು. “ಉಡಿಕಿ ಮಾತ ನಾನs ಎತ್ತತೀನಿ. ಇವಗ ಕೊಡ್ಲೋ ಬ್ಯಾಡೋ ನೀ ಹೇಳು. ಸುಳ್ಳಬುರುಕ ಅದಾನ, ನೋಡು.”

ಇಬ್ಬರೇ ಉಳಿದರು. ಕಳಕವ್ವನ ಮುಖ ಇನ್ನೂ ಬಿಳಿಚಿಕೊಂಡಿತ್ತು. ಕಣ್ಣಿನಲ್ಲಿ ಕೀಟಲೆ ಇರಲಿಲ್ಲ. ಅವಳು ಅವನನ್ನು ಇಷ್ಟು ನೇರ ನೋಡಿದ್ದು ಇದೇ ಮೊದಲು.

“ಆ ಉಸರ ಕೇಳಿದಾಗ ಏನಂತ ತಿಳದಿದ್ರಿ?”

“ಸಂಗಪ್ಪ ಅಂತ.”

“ಅವರು ಅಲ್ಲಿ ಅದಾರ ಅಂತ ಖರೇನs ನಂಬಿದ್ರಿ?”

“ನಂಬಿದ್ದೆ.”

“ನನ್ನ ಉಡಿಸಿಕೊಂಡ ಹೋದ್ರ ಮೊದಲ ನಿಮ್ಮನ್ನ ತಿಂತಾರ ಅಂತ ಗೊತ್ತಿದ್ದೂ ಇಲ್ಲ ಅಂದ್ರಿ?”

ಮುತ್ತಪ್ಪ ತಲೆ ತಗ್ಗಿಸಿದ. “ತಿನ್ನಲಿ ಅಂದ್ಕೊಂಡೆ. ತಿನ್ನೂತನಕ ಒಂದಷ್ಟ ದಿನ ನಿನ್ನ ಜೋಡಿ ಇರಾಕ ಸಿಗತೈತೆಲ್ಲ ಅಂತ.”

‘ನಿನ್ನ’ ಎಂದದ್ದು ಅವನಿಗೆ ಆಡಿದ ಮೇಲೆ ತಿಳಿಯಿತು.  ಓಣಿಯಲ್ಲಿ ಯಾರೋ ಮೊದಲ ಮಗ್ಗ ಶುರುಮಾಡಿದರು. ಕಳಕವ್ವ ಕೆಳತುಟಿ ಕಚ್ಚಿದಳು. ಈ ಸಲ ತಡೆದದ್ದು ನಗುವನ್ನಲ್ಲ.

“ಸತ್ತಾಂವರ ಮುಂದ ನನ್ನ ಸಲುವಾಗಿ ಸುಳ್ಳ ಹೇಳಿದ್ರಿ,” ಎಂದಳು, ಕೆನ್ನೆ ಒರೆಸಿಕೊಳ್ಳುತ್ತ. “ಜೀವಂತ ಇರಾಕಿ ಮುಂದ ಒಂದ್ಸಲಾನೂ ಹೇಳಬ್ಯಾಡ್ರಿ. ಒಪ್ಪಿದ್ರ ಅತ್ತಿಗೆ ಹೂಂ ಅಂತ ಹೇಳಿ ಬರತೀನಿ.”

“ಒಪ್ಪಿದೆ,” ಎಂದ ಮುತ್ತಪ್ಪ.

ಅವಳು ಗೋಡೆ ಹಿಡಿದು ಎದ್ದಳು.  ಅವನು ಕೈ ನೀಡಿದ. ಬಾಗಿಲು ತೆರೆದೇ ಇತ್ತು, ಓಣಿಯವರೆಲ್ಲ ಕಾಣುತ್ತಿದ್ದರು, ಅವಳು ಆ ಕೈಯನ್ನು ಹಿಡಿದುಕೊಂಡೇ ಒಳಗೆ ಹೋದಳು.